ಕಾಣಾ ಬಂದೂಕು

ನಾನು ಹುಟ್ಟಿ ಬೆಳೆದ ಮನೆಯಲ್ಲಿ "ಕಾಣು" ಅನ್ನುವ ಮಾತನ್ನು ಯಾರೂ ಆಡುವಂತಿರಲಿಲ್ಲ. ಎಣ್ಣೆ ತೀರಿ ದೀಪ ಮಬ್ಬಾದರೆ "ಕಾಣಸವಲ್ದು" ಅನ್ನಬಾರದು, "ತೋರವಲ್ದು" ಅನ್ನಬೇಕು. ಬೀಗರು ಭಾಳ ದಿನಕ್ಕೆ ಬಂದರೆ "ಕಂಡು ಎಷ್ಟು ದಿನ ಆತು" ಅನ್ನಬಾರದು, "ಭೆಟ್ಟಿ ಆಗಿ" ಅನ್ನಬೇಕು. ಇದು ಆಯಿಯ ಹುಕುಂ. ಆಯಿ ಅಂದರೆ ಅಪ್ಪನ ತಾಯಿ, ಮನೆಗೆ ಹಿರಿಯಳು. ನಿಜಾಮ ಸರಕಾರದ ಹುಕುಂ ಆದರೂ ನಮ್ಮೂರಿನ ತನಕ ಬರುವಷ್ಟರಲ್ಲಿ ಒಮ್ಮೊಮ್ಮೆ ಸಡಿಲಾಗುತ್ತಿತ್ತು, ಆಯಿಯದು ಆಗುತ್ತಿರಲಿಲ್ಲ. ಕಾರಣ ಇಷ್ಟೇ. ನಮ್ಮ ಸೀಮೆಯಲ್ಲಿ ಮರಾಠಿಯವರು, ಉರ್ದುವಿನವರು, ತೆಲುಗಿನವರು ಎಲ್ಲರೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವವರು, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹತ್ತಿಬಿಟ್ಟಿರುತ್ತದೆ. ಹಾಗೆ ಹತ್ತಿದ ಮಾತುಗಳಲ್ಲಿ "ಕಾಣಾ" ಒಂದು. ಕಾಣಾ ಅಂದರೆ ಒಕ್ಕಣ್ಣ. ನಮ್ಮಪ್ಪನಿಗೆ ಬಲಗಣ್ಣಿರಲಿಲ್ಲ. ಕನ್ನಡದ "ಕಾಣು" ಅರ್ಥದಲ್ಲಿ ಅದಕ್ಕೆ ತೀರ ಹತ್ತಿರದ್ದಲ್ಲ, ಆದರೆ ಕಿವಿಗೆ ಹತ್ತಿರವೇ. ಬಾಯಿ ತಪ್ಪಿ ಒಂದು ದೀರ್ಘ ಎಳೆದರೆ ಮಗನ ಎದೆಗೆ ನಾಟುತ್ತದೆ ಅಂತ ಆಯಿ ಆ ಮಾತಿಗೇ ಕದ ಹಾಕಿದ್ದಳು.

ನಮ್ಮೂರು ಸೇಡಮಿಗೂ ಕುರಕುಂಟಾಕ್ಕೂ ನಡುವೆ. ಮನೆ ಫರಸಿ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಯಾವಾಗಲೂ ಅರ್ಧ ಕತ್ತಲೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಪಡಸಾಲೆಗೆ ಇಳಿದು, ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತಿತ್ತು. ನಾನು ಆ ಬೆಳಕಿನಲ್ಲಿ ಕೈ ಚಾಚಿ, ಧೂಳು ಕೈಮೇಲೆ ಇಳಿಯುವುದನ್ನು ನೋಡುತ್ತ ಕೂಡುತ್ತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಜೋಳ ಹುರಿದ ವಾಸನೆ, ದನಗಳ ಕೊರಳ ಗಂಟೆ, ಆ ಬೆಳಕು, ಎಲ್ಲಾ ಒಂದರ ಮೈಮೇಲೆ ಒಂದು ಬಿದ್ದು ಬರುತ್ತವೆ, ಯಾವುದು ಮೊದಲು ಅಂತ ಹೇಳಲಿಕ್ಕೆ ಬರುವುದಿಲ್ಲ. ಅಪ್ಪ ಪಡಸಾಲೆಯ ಮೂಲೆಯಲ್ಲಿ ಬಲಮಗ್ಗುಲನ್ನು ಗೋಡೆಗೆ ಕೊಟ್ಟು ಕೂಡುತ್ತಿದ್ದ. ರುಮಾಲಿನ ಸೆರಗನ್ನು ಬಲ ಹುಬ್ಬಿನ ಮೇಲೆ ಇಳಿಬಿಟ್ಟಿರುತ್ತಿದ್ದ. ಉಣ್ಣುವಾಗಲೂ ಹಾಗೇ, ಅವ್ವ ಎಡಗಡೆಯಿಂದ ಬಂದು ತಾಟಿಗೆ ರೊಟ್ಟಿ ಹಾಕಿ ಎಡಗಡೆಯಿಂದಲೇ ಹಿಂದಕ್ಕೆ ಸರಿಯುವಳು. ನಾನು ಅಂಬೆಗಾಲಿಡುವಾಗಲೇ ಅವನ ಕಣ್ಣು ಹೋಗಿತ್ತಂತೆ. ಹೀಗಾಗಿ ನನಗೆ ಗೊತ್ತಿದ್ದ ಅಪ್ಪ ಎಡಗಡೆಯ ಅಪ್ಪ. ಉಳಿದರ್ಧ ಹೇಗಿರಬಹುದು ಅಂತ ನನಗೊಂದು ಹಂಬಲ. ಕೇಳುವ ಧೈರ್ಯ ಯಾರಿಗಿತ್ತು?

ಅಪ್ಪ ಊರಿನ ಪಾಟೀಲ. ಎದೆಯ ಮೇಲೆ ಲಿಂಗ ಕಟ್ಟಿದ ಮನೆತನ, ಇರುವೆ ಸತ್ತರೂ "ಶಿವಾ" ಅನ್ನುವ ಮಂದಿ. ಆದರೂ ಮನೆಯಲ್ಲಿ ಬಂದೂಕು ಇರಬೇಕು, ಯಾಕೆಂದರೆ ಪಾಟೀಲಕಿಯ ಜೊತೆ ಅದೂ ಬಂದದ್ದು. ಶೇಂಗಾ ಹೊಲಕ್ಕೆ ಹಂದಿ ಬಿದ್ದರೆ ಆಕಾಶಕ್ಕೆ ಹೊಡೆದು ಬೆದರಿಸುವುದು, ಬನ್ನಿ ಹಬ್ಬದ ಸಂಜೆ ಊರ ಮುಂದೆ ಗಳಕ್ಕೆ ಕಟ್ಟಿದ ಕುಂಬಳಕಾಯಿಗೆ ಗುರಿ ಇಟ್ಟು ಹೊಡೆಯುವುದು, ಇವೆರಡೇ ಅದರ ಕೆಲಸ. ಪಾಟೀಲ ಕಾಯಿ ಒಡೆದ ಮೇಲೇ ಜನ ಬನ್ನಿ ಮುಡಿಯಬೇಕು. ಹಳೆಯ ಒಂಟಿ ನಳಿಗೆಯ ಬಂದೂಕು ಒಂದು ದಿನ ಹಂದಿ ಬೆದರಿಸುವಾಗ ಹಿಂದಕ್ಕೇ ಸಿಡಿದು ಅಪ್ಪನ ಕಣ್ಣು ತೆಗೆಯಿತು. ಅವ್ವ ಅದನ್ನು ಒಯ್ದು ಹಾಳು ಬಾವಿಗೆ ಒಗೆದಳು. ಬಲ ಹೆಗಲಿಗೆ ಏರಿಸಿದ ಬಂದೂಕಿಗೆ ಬಲಗಣ್ಣೇ ಗುರಿ ಹಿಡಿಯಬೇಕು. ಯಾರದೋ ಬಂದೂಕು ಎಡ ಹೆಗಲಿಗೆ ಏರಿಸಿ ನೋಡಿದನಂತೆ, ಕೈ ಒಗ್ಗಲಿಲ್ಲ. ಆಮೇಲೆ ಬನ್ನಿ ಹಬ್ಬದ ದಿನ ಅಪ್ಪನ ಚಿಕ್ಕಪ್ಪನ ಮಗ, ನಾವು ಕಾಕಾ ಅನ್ನುವವನು, ಎರವಲು ಬಂದೂಕು ತಂದು ಕಾಯಿ ಒಡೆಯುತ್ತಿದ್ದ. ಅಪ್ಪ ಅವತ್ತು ಮನೆ ಬಿಟ್ಟು ಹೊರಬೀಳುತ್ತಿರಲಿಲ್ಲ. ಬರಬರುತ್ತ ಉಳಿದ ದಿನವೂ ಹೊರಗೆ ಹೋಗುವುದು ಕಮ್ಮಿಯಾಯಿತು. ಪಂಚಾಯ್ತಿಗೆ ಕಾಕಾ, ಸೇಡಮಿನ ಕಚೇರಿಗೆ ಕಾಕಾ. ಅಪ್ಪ ಗೋಡೆಯ ಕಡೆ ಮಾರಿ ಮಾಡಿ ಮಾತೇ ಮರೆತವನ ಹಾಗೆ ಕೂತುಬಿಟ್ಟಿದ್ದ. ಅವನು ಹೀಗೇ ಮುಗಿದುಹೋಗುತ್ತಾನೇನೋ ಅನ್ನುವ ಹೆದರಿಕೆ ಮನೆಯವರಿಗೆಲ್ಲ ಇತ್ತು, ಚಿಕ್ಕವಳಾದ ನನಗೂ ಇತ್ತು.

ಹಂಗಿರುವಾಗ ಐನಾಪುರದಿಂದ ಸೋದರಮಾವ ಬಂದ. ಅವ್ವನ ತಮ್ಮ. ಬಾಯಿಗೆ ಬೀಗವಿಲ್ಲದ ಮನುಷ್ಯ, ಆದರೆ ಒಳಗೆ ಏನೂ ಇಟ್ಟುಕೊಂಡವನಲ್ಲ. ಪುಂಡಿ ಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಎಲ್ಲರೂ ಉಣ್ಣಲಿಕ್ಕೆ ಕೂತಿದ್ದೆವು. ಮಾವ ಚಿಂಚೋಳಿ ಅಡವಿಯ ಸುದ್ದಿ ಹೇಳುತ್ತ ಹೇಳುತ್ತ ಅಂದುಬಿಟ್ಟ:

"ಮೊದಲ ನಮ್ಮ ಕಡಿಗಿ ಒಬ್ಬ ಜಾಗೀರದಾರ ಸಾಹೇಬ ಬರ್ತಿದ್ದ ಶಿಕಾರಿಗಿ. ಅವನ ಬಲ್ಲಿ ಕಾಣಾ ಬಂದೂಕ ಇತ್ತು, ವಿಲಾಯತಿದು. ಜೋಡ ನಳಿಗಿ."

ಆಯಿಯ ಕೈಯಲ್ಲಿದ್ದ ಮಜ್ಜಿಗೆ ತಂಬಿಗೆ ನೆಲಕ್ಕೆ ಬಡಿಯಿತು. ಅವ್ವ ಸೆರಗು ಬಾಯಿಗೆ ಹಿಡಿದಳು. ಮಾವನಿಗೆ ತಾನೇನು ಅಂದೆ ಅಂತ ಹೊಳೆದು ಮಾರಿ ಸಣ್ಣದಾಯಿತು. ಆ ಮಾತಿನ ಅರ್ಥ ಗೊತ್ತಿಲ್ಲದವಳು ನಾನೊಬ್ಬಳೇ. ಮನೆಯಲ್ಲಿ ಕೇಳದ ಮಾತಾದರೂ ಓಣಿಯಲ್ಲಿ "ಕಾಣು" ಕೇಳಿದ್ದೆನಲ್ಲ.

"ಬಂದೂಕಕ್ಕ ಕಣ್ಣಿರ್ತಾವೇನ್ ಮಾವ? ಅದಕ್ಕ ತಾನೇ ಕಾಣಸ್ತದೇನು?"

ಆಗ ಗೋಡೆಯ ಕಡೆಯಿಂದ ಅಪ್ಪನ ದನಿ ಬಂತು. ಎಷ್ಟೋ ದಿನಕ್ಕೆ ಉಣ್ಣುವ ಹೊತ್ತಿನಲ್ಲಿ ಅವನು ಬಾಯಿ ಬಿಟ್ಟಿದ್ದ.

"ಹೆಂಗಿತ್ತು ಅದು? ಹೇಳು."

ಮಾವ ತಡವರಿಸುತ್ತ ಹೇಳಿದ. ಆ ಸಾಹೇಬನ ಬಲಗಣ್ಣು ಹೋದ ಮೇಲೆ ವಿಲಾಯತಿಗೆ ಅಳತೆ ಕಳಿಸಿ ಮಾಡಿಸಿದ ಬಂದೂಕಂತೆ. ಎರಡು ನಳಿಗೆ ಮಗ್ಗುಲಿಗೆ ಮಗ್ಗುಲು, ಹಿಂದಿನ ಕಟ್ಟಿಗೆ ಮಾತ್ರ ಸೊಟ್ಟ. ಹೆಗಲು ಬಲದ್ದು, ಕಟ್ಟಿಗೆ ಮುಖದ ಅಡ್ಡ ಹಾಯ್ದು ನಳಿಗೆಯನ್ನು ಎಡಗಣ್ಣಿನ ಮುಂದೆ ತಂದು ನಿಲ್ಲಿಸುತ್ತದಂತೆ. ಅಂಥದ್ದು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಸಾಹೇಬ ತೀರಿಹೋಗಿದ್ದ, ಬಂದೂಕು ಎಲ್ಲಿ ಹೋಯಿತೋ ಮಾವನಿಗೆ ತಿಳಿಯದು. ಅವತ್ತು ಅಪ್ಪ ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ನಾನು ಮಾಳಿಗೆಯ ಮೇಲೆ ಮಲಗಿ, ಎರಡು ಕಣ್ಣು ಮಿಟುಕಿಸುತ್ತ ಅಡವಿಯಲ್ಲಿ ಒಂಟಿಯಾಗಿ ಅಡ್ಡಾಡುವ ಬಂದೂಕನ್ನು ಕನಸು ಕಂಡೆ. ಅದು ನಮ್ಮ ಮನೆ ಹುಡುಕಿಕೊಂಡು ಬರುತ್ತಿತ್ತು.

ಹುಡುಕಲು ಹೊರಟವನು ಅಪ್ಪ. ರುಮಾಲು ಇಳಿಬಿಟ್ಟುಕೊಂಡೇ ಗಾಡಿ ಕಟ್ಟಿಸಿ ಚಿಂಚೋಳಿಗೆ ಹೋದ. ಅಲ್ಲಿ "ಕಾಣಾ ಬಂದೂಕ" ಅನ್ನಲಿಕ್ಕೆ ನಾಲಿಗೆ ಏಳಬೇಕಲ್ಲ? "ಒಂದ ಸೊಟ್ಟ ಬಂದೂಕ ಇತ್ತಂತಲ್ರಿ" ಅಂತ ಕೇಳಿದನಂತೆ. ಮಂದಿ ಭಾಳ ಉಮೇದಿನಿಂದ ಕರಕೊಂಡು ಹೋಗಿ ಯಾರದೋ ಮನೆಯ ಗೂಟಕ್ಕೆ ತೂಗುಹಾಕಿದ್ದ, ನಳಿಗೆಯೇ ಡೊಂಕಾದ ಮುತ್ತಾತನ ಕಾಲದ ಬಂದೂಕು ತೋರಿಸಿದರು. ಆ ಮನೆಯವರು ಅದಕ್ಕೆ ಹೂವು ಏರಿಸಿ ಪೂಜೆ ಬೇರೆ ಮಾಡುತ್ತಿದ್ದರು. ಅಪ್ಪ ಕೈಮುಗಿದು, ಅವರು ಕೊಟ್ಟ ಬೆಲ್ಲ ನೀರು ಕುಡಿದು ಬರಿಗೈಲೆ ಬಂದ. ಮತ್ತೊಂದು ಸಲ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿ ಮಾಡಿ ಶಹಾಬಾದಕ್ಕೆ ಹೋದ. ಅಲ್ಲಿ ಬಂದೂಕು ರಿಪೇರಿ ಮಾಡುವ ಉಸ್ತಾದನೊಬ್ಬನಿದ್ದ. ಅವನ ಅಂಗಡಿಯ ಮುಂದೆ ಅಪ್ಪ ಎಷ್ಟೋ ಹೊತ್ತು ನಿಂತಿದ್ದನಂತೆ. ಕಡೆಗೆ ಅಂದನಂತೆ, ಮೊದಲ ಸಲ ತನ್ನ ಬಾಯಿಂದ ತಾನೇ: "ಕಾಣಾ ಬಂದೂಕ ಬೇಕು. ನಾ ಕಾಣಾ ಇದ್ದೀನಿ." ಉಸ್ತಾದ ತಲೆ ಎತ್ತಿ ನೋಡಿ ಒಳಗೆ ಕರೆದು ಚಹಾ ತರಿಸಿದ. ಮುಂದೆ ಆದ ಮಾತನ್ನು ಅಪ್ಪ ಮನೆಗೆ ಬಂದು ಹೇಳುವಾಗ ಸ್ವತಃ ನಕ್ಕುಬಿಟ್ಟ.

"ಉಸ್ತಾದ ಹೇಳಿದ, ಅದರ ಗುಂಡ ಹಾರಸೋ ಕುದುರಿ ನಾನೇ ರಿಪೇರಿ ಮಾಡೀನಿ, ಸಾಹೇಬರ ಬೇಗಂ ಈಗ ಚಿತ್ತಾಪುರದಾಗ ಅಣ್ಣನ ಮನ್ಯಾಗ ಇರ್ತಾಳ ಅಂತ. ಕಿಮ್ಮತ್ತು ಏನಾದೀತು ಅಂತ ಕೇಳ್ದೆ. ಎರಡೂ ಕಣ್ಣಿದ್ದವಗ ಅದು ಒಲಿಗಿ ಹಾಕೋ ಕಟಿಗಿ, ಒಂದ ಕಣ್ಣಿದ್ದವಗ ಅರ್ಧಾ ಜಾಗೀರು ಅಂದ. ಮಾರೋರಿಗಿ ನಿಮ್ಮ ಮಾರಿ ತೋರಸಬ್ಯಾಡ್ರಿ ಪಾಟೀಲ್ರ, ರೇಟು ಏರ್ತದ ಅಂದ."

"ಮಾರಿ ತೋರಸಬ್ಯಾಡ ಅಂತ ನಿಮಗ ಹೇಳಿಕೊಡಬೇಕೇನು," ಅಂದಳು ಅವ್ವ. ಮಾತು ಹರಿತವಾಗಿತ್ತು, ಅಂದ ಮೇಲೆ ಅವಳಿಗೇ ಚುಚ್ಚಿತು. ಅಲ್ಲಿಗೆ ಬಿಡಲಿಲ್ಲ. "ಒಂದ ಕಣ್ಣ ಉಳದದ. ಅದನ್ನೂ ಕೊಟ್ಟು ಬರ್ತೀರೇನು? ಒಮ್ಮಿ ಬಾವಿಗಿ ಒಗದು ಬಂದೀನಿ ನಾ, ಮತ್ತ ಒಗಿಯಾಕ ನನ್ನ ಬಲ್ಲಿ ಶಕ್ತಿ ಇಲ್ಲ."

ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿದ. ಮನೆಯಲ್ಲಿ ಎಷ್ಟೋ ದಿನ ರೊಟ್ಟಿ ಬಡಿಯುವ ಸಪ್ಪಳ ಒಂದೇ. ಇದರ ಮೇಲೆ ಇನ್ನೊಂದು ತೊಡಕು ಬಂತು. ಬೇಗಂ ಗೋಷಾದವಳು, ಪರಗಂಡಸರ ಎದುರಿಗೆ ಬರುವುದಿಲ್ಲ. ಬಂದೂಕು ಅವಳದು, ಅಣ್ಣನಿಗೂ ಕೊಡಲೊಲ್ಲಳು. ಖರೀದಿ ಮಾಡಬೇಕಾದರೆ ಹೆಂಗಸರೇ ಒಳಗೆ ಹೋಗಿ ಮಾತಾಡಬೇಕು ಅಂತ, ಅಪ್ಪ ಕೇಳಿಸಿದ್ದಕ್ಕೆ ಚಿತ್ತಾಪುರದಿಂದ ಹೇಳಿಕಳಿಸಿದರು. ಅಪ್ಪ ಅವ್ವನನ್ನು ಕೇಳಲಿಲ್ಲ. ಆದರೆ ಅವ್ವ ತಾನಾಗಿಯೇ "ನಾ ಬರ್ತೀನಿ" ಅಂದಾಗ ನಮಗೆಲ್ಲ ಆಶ್ಚರ್ಯ. ಅಡಿಗೆ ಮನೆಯಲ್ಲಿ ಆಯಿಯ ಮುಂದೆ ಅವಳು ತನ್ನ ಹೂಟ ಬಿಚ್ಚಿಟ್ಟಿದ್ದನ್ನು ನಾನು ಕೇಳಿದ್ದೆ.

"ಹೋಗಿ ಇಲ್ಲದ ಖೋಡಿ, ಇಲ್ಲದ ತಪ್ಪು ತೆಗೀತೀನ್ರಿ ಅತ್ತಿ. ಆಕಿಗೇ ಸಿಟ್ಟ ಬಂದು ಮಾರೂದಿಲ್ಲ ನಡೀರಿ ಅನ್ನಬೇಕು. ಅಲ್ಲಿಗಿ ಈ ಹುಚ್ಚು ಹರೀತದ."

"ಹಂಗೇ ಮಾಡವಾ," ಅಂದಳು ಆಯಿ.

ಚಿತ್ತಾಪುರದ ಆ ಮನೆ ನೆನಪಿನಲ್ಲಿ ನೀರಿನೊಳಗೆ ನೋಡಿದ ಹಾಗೆ ಅಲುಗುತ್ತದೆ. ಎತ್ತರದ ಕದ, ಒಳಗೆ ಅಂಗಳ, ಅಂಗಳದಲ್ಲಿ ದಾಳಿಂಬರ ಗಿಡ, ಅದರ ಕೆಂಪು ಹೂವು ಫರಸಿಯ ಮೇಲೆ ಉದುರಿದ್ದವು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಬೇಗಮಳ ಅಣ್ಣನ ಜೊತೆ ಕೂತ. ಅವ್ವನೂ ನಾನೂ ಪರದೆ ಸರಿಸಿ ಒಳಕ್ಕೆ ಹೋದೆವು. ಬೇಗಂ ಬಿಳಿ ಸೀರೆಯಲ್ಲಿ ಮರದ ತಖ್ತೆಯ ಮೇಲೆ ಕೂತಿದ್ದಳು. ಸಣ್ಣ ಹೆಂಗಸು, ಬೆಳ್ಳಗಿನ ಕೂದಲು, ಅತ್ತರಿನ ಸಣ್ಣ ವಾಸನೆ. "ಆವ್ ಬೆಹನ್, ಕುಂದ್ರು," ಅಂದಳು, ಅರ್ಧ ಅವರ ಮಾತು, ಅರ್ಧ ನಮ್ಮದು. ಪಕ್ಕದಲ್ಲಿದ್ದ ಹಳೆಯ ರಜಾಯಿಯ ಮಡಿಕೆ ಬಿಚ್ಚಿದಳು. ನಾನು ಕುತ್ತಿಗೆ ಚಾಚಿ ನೋಡಿದೆ, ಕಣ್ಣು ಎಲ್ಲಿವೆ ಅಂತ. ಕಣ್ಣಿರಲಿಲ್ಲ. ಎರಡು ನಳಿಗೆಗಳು ಅಕ್ಕತಂಗಿಯರ ಹಾಗೆ ಅಂಟಿಕೊಂಡಿದ್ದವು, ಲೋಹದ ಮೇಲೆ ಬಳ್ಳಿ ಬಳ್ಳಿಯಾಗಿ ನಕಾಶಿ ಕೆತ್ತನೆ. ಹಿಂದಿನ ಆಕ್ರೋಟದ ಕಟ್ಟಿಗೆ ಮಾತ್ರ ಮೊಣಕೈ ಮಡಚಿದಂತೆ ಮಗ್ಗುಲಿಗೆ ಬಾಗಿತ್ತು. ಅವ್ವ ತಡಮಾಡದೆ ತನ್ನ ಕೆಲಸ ಶುರುಮಾಡಿದಳು.

"ಇದು ಸೊಟ್ಟ ಅದಲ್ರಿ ಅಮ್ಮಾರ."

"ಹೌ, ಸೊಟ್ಟ ಅದ."

"ಭಾಳ ಹಳೀದು."

"ನಾನೂ ಹಳೀದು."

"ಇದರ ಬೆಲಿ ಏನ ಬರ್ತದ್ರಿ? ಯಾರೂ ತಗೊಳ್ಳೂದಿಲ್ಲ."

"ಯಾರೂ ತಗೊಂಡಿಲ್ಲ. ಒಬ್ಬಾವ ಕಟಿಗಿ ಕೊಯ್ದು ಸೀದಾ ಮಾಡ್ತೀನಿ ಅಂದ. ನಕ್ಕೋ, ಬ್ಯಾಡ ಅಂದೆ." ಬೇಗಂ ಸಿಟ್ಟಿಗೇಳುವ ಲಕ್ಷಣವೇ ಇರಲಿಲ್ಲ. ಅವ್ವನ ಮಾರಿಯನ್ನು ಒಂದು ಗಳಿಗೆ ನೋಡಿ ಕೇಳಿದಳು, "ನಿನ್ನ ಗಂಡ ಉಣ್ಣಲಿಕ್ಕೆ ಯಾ ಕಡಿ ಮಾರಿ ಮಾಡಿ ಕುಂದರ್ತಾನ?"

ಅವ್ವ ಸಣ್ಣಗೆ ಅಂದಳು, "ಗ್ವಾಡಿ ಕಡಿಗಿ."

"ನಮ್ಮ ಸಾಬ್ ಭೀ ಹಂಗೇ. ನನಗ ಅರ್ಧಾ ಮಾರಿ ಕೊಟ್ಟು ಅರ್ಧಾ ಗ್ವಾಡಿಗಿ ಕೊಟ್ಟಿದ್ರು. ಎತ್ತು, ಬೆಹನ್. ಹೆಗಲಿಗಿ ಏರಸಿ ನೋಡು."

ಬಂದೂಕು ಅಂದರೆ ಕಾಲಿನಿಂದಲೂ ಮುಟ್ಟದ ನಮ್ಮವ್ವ ಅದನ್ನು ಎತ್ತಿಕೊಂಡಳು. ಬೇಗಂ ಎದ್ದು ಹಿಂದೆ ನಿಂತು, ಕೂಸಿಗೆ ಕುಬಸ ತೊಡಿಸುವ ಹಾಗೆ ಮೊಣಕೈ ಎತ್ತಿ, ಹೆಗಲು ಸರಿಮಾಡಿ, ಅವ್ವನ ಗಲ್ಲವನ್ನು ಬಾಗಿದ ಕಟ್ಟಿಗೆಯ ಮೇಲೆ ಇರಿಸಿದಳು. ಬಲಗಣ್ಣು ಮುಚ್ಚು ಅಂದಳು. ಅವ್ವನ ತಲೆಯ ಸೆರಗು ಅಡ್ಡ ಬಂತು, ಬೇಗಂ ಅದನ್ನು ಹಿಂದಕ್ಕೆ ಸರಿಸಿದಳು. ಪರದೆಯ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಅವ್ವನ ಮೇಲೆ ಬಿದ್ದಿತ್ತು. ಒಂದು ಕಣ್ಣು ಮುಚ್ಚಿದ ಅವಳ ಮಾರಿ ನೋಡಿ ನನಗೆ ಹೆದರಿಕೆಯಾಯಿತು, ಅವಳು ನಮ್ಮವ್ವನೂ ಆಗಿದ್ದಳು, ಬೇರೆ ಯಾರೋ ಕೂಡ ಆಗಿದ್ದಳು.

"ದೇಖೋ," ಅಂದಳು ಬೇಗಂ, "ಇದನ್ನ ಏರಸಿದವಗ ಮಾರಿ ಮುಚ್ಚಲಿಕ್ಕೆ ಬರೂದಿಲ್ಲ. ಪೂರಾ ಹೊರಗ ತೆಗೀಬೇಕು."

ಅವ್ವ ಹಾಗೇ ನಿಂತಿದ್ದಳು. ಕೆಳಗಿಳಿಸಿದಾಗ ಅವಳ ಎರಡೂ ಕಣ್ಣಲ್ಲಿ ನೀರಿತ್ತು. ಖೋಡಿ ತೆಗೆಯಲಿಕ್ಕೆ ಬಂದವಳು ಸೆರಗಿನಿಂದ ನಳಿಗೆಯ ಮೇಲಿನ ತನ್ನ ಬೆರಳ ಗುರುತು ಒರೆಸಿದಳು.

"ಕಿಮ್ಮತ್ತು ಹೇಳ್ರಿ," ಅಂದಳು.

"ನೀನೇ ಹೇಳು. ರೊಕ್ಕಾ ಕೊಟ್ಟರ ಹೊರಗ ಕುಂತಾನಲ್ಲ ನಮ್ಮಣ್ಣ, ಅವನ ಕಿಸೆಕ್ಕ ಹೋಗ್ತದ. ಈ ಮನ್ಯಾಗ ನನಗ ಒಂದ ಲೋಟಾ ಹಾಲು ಬೇಕಂದ್ರ ಸೊಸ್ತೇರನ್ನ ಕೇಳಬೇಕು."

ಅವ್ವ ಯೋಚಿಸಿದ್ದು ಒಂದು ಉಸಿರಿನಷ್ಟು. "ನನ್ನ ತವರಿನ ಎಮ್ಮಿ ಅದರಿ. ಕೆಂಚಿ ಅಂತ. ಕರ ಹಾಕ್ಯದ, ಎರಡೂ ಹೊತ್ತು ತಂಬಿಗಿ ತುಂಬ ಕರೀತದ. ನಿಮ್ಮ ಹೆಸರಿಲೆ ಕಟ್ಟತೀನಿ, ಹಾಲು ನಿಮ್ಮ ಕೈಯಾಗ."

ಬೇಗಂ ಮೊದಲ ಸಲ ನಕ್ಕಳು. "ನೀರಾಗಿನ ಎಮ್ಮಿ ವ್ಯಾಪಾರ ಆತಲ್ಲ ಬೆಹನ್. ನೋಡಲಾರದ ಹೆಂಗ ತಗೊಳ್ಳಿ?"

"ನಾ ಹೊಡೀಲಾರದ ಬಂದೂಕ ಒಯ್ಲಿಕತ್ತಿಲ್ಲೇನ್ರಿ?" ಅಂದಳು ಅವ್ವ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಶಹಾಬಾದದ ಉಸ್ತಾದ ಅರ್ಧ ಜಾಗೀರು ಅಂದ ವಸ್ತುವಿನ ಬೆಲೆ ಹಾಗೆ ಗೊತ್ತಾಯಿತು. ಹೊರಗೆ ಅಣ್ಣನಾದವನು ಅಪ್ಪನಿಗೆ ಇನ್ನೂ ರೇಟಿನ ಸುಳಿವು ಕೊಡುತ್ತಲೇ ಇದ್ದ.

ಮನೆಗೆ ಬಂದ ಮೇಲೆ ಆಯಿಯ ಬಾಯಿ ತೆರೆಯಿತು ನೋಡಿ, ಓಣಿಯೆಲ್ಲ ಕೇಳಿತು. "ಹಾಲ ಕೊಡೋ ಎಮ್ಮಿ ಕೊಟ್ಟು ಕಟಿಗಿ ತಂದ್ಯೇನವಾ? ಮುರಿಯಾಕ ಹೋದಾಕಿ ಹೂಡಿ ಬಂದ್ಯಲ್ಲ!" ಅವ್ವ ಮಾತಾಡದೆ ಕೆಂಚಿಯ ಮೈ ತೊಳೆದು, ಹಣೆಗೆ ಭಂಡಾರ ಹಚ್ಚಿ, ಕರುವಿನ ಜೊತೆ ಚಿತ್ತಾಪುರದ ಹಾದಿಗೆ ಹಚ್ಚಿದಳು. ಕೊಟ್ಟಿಗೆಯ ಕಂಬಕ್ಕೆ ಒರಗಿ ಅತ್ತದ್ದು ಆಮೇಲೆ. ಬಂದೂಕಿನ ಬೆಲೆ ಎಮ್ಮೆ ಅಂತ ಅಪ್ಪನಿಗೆ ಗೊತ್ತಾದದ್ದೂ ಆಯಿಯ ಆ ಬಾಯಿಂದಲೇ. ತವರಿನ ಎಮ್ಮೆ ಅಂದರೆ ಹೆಣ್ಣಿಗೆ ಏನು ಅಂತ ಅವನಿಗೆ ಹೇಳಿಕೊಡಬೇಕಿರಲಿಲ್ಲ. ನಮ್ಮ ತಾಟಿನಲ್ಲಿ ಮೊಸರು ಹೋಗಿ ಬೇಳೆಯ ಕಟ್ಟು ಬಂತು. ಅಪ್ಪ ಖಾಲಿ ಕೊಟ್ಟಿಗೆಯಲ್ಲಿ ಕದ ಮುಂದು ಮಾಡಿಕೊಂಡು ಬಂದೂಕು ಹೆಗಲಿಗೆ ಏರಿಸುವುದು, ಇಳಿಸುವುದು ಮಾಡುತ್ತಿದ್ದ. ಕುದುರೆ ಎಳೆದು ಬಿಟ್ಟ ಟಕ್ ಸಪ್ಪಳ ಕೇಳುತ್ತಿತ್ತು. ಆ ಬಂದೂಕು ನಮ್ಮಲ್ಲಿ ಕಾಯಮ್ಮಾಗಿ ಉಳಿಯಲಿಲ್ಲ ಬಿಡಿ. ರಾಜ್ಯ ಬದಲಾದ ಗದ್ದಲದಲ್ಲಿ ಎಲ್ಲರ ಬಂದೂಕೂ ಸೇಡಮಿಗೆ ಹೋಗಿ ಸರಕಾರಕ್ಕೆ ಒಪ್ಪಿಸಿದ್ದಾಯಿತು. ಅಲ್ಲಿ ಅದನ್ನು ಯಾರಾದರೂ ಎತ್ತಿ ನೋಡಿದರೋ, ಸೊಟ್ಟ ಅಂತ ನಕ್ಕು ರಾಶಿಗೆ ಒಗೆದರೋ. ನಾನು ಹೇಳುತ್ತಿರುವುದು ಅದಕ್ಕಿಂತ ಮುಂಚಿನ ಬನ್ನಿ ಹಬ್ಬದ ಸಂಜೆ.

ಊರ ಮುಂದಿನ ಬಯಲಲ್ಲಿ ಜೋಳದ ಹಸಿರು ಮೊಣಕಾಲುದ್ದ ಬಂದಿತ್ತು. ಬಿಸಿಲು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಗಳದ ತುದಿಗೆ ಕುಂಬಳಕಾಯಿ ಕಟ್ಟಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಬನ್ನಿ ಗಿಡದ ಆ ಕಡೆ. ಕಾಕಾ ತನ್ನ ಎರವಲು ಬಂದೂಕು ಹಿಡಿದು ನಿಂತಿದ್ದ, ಅಣ್ಣ ಬರುವುದಿಲ್ಲ ಅನ್ನುವ ಖಾತ್ರಿಯಲ್ಲಿ. ಅಪ್ಪ ಮಂದಿಯ ನಡುವೆ ಹಾದು ಬಂದ. ಸೊಟ್ಟ ಬಂದೂಕು ಎತ್ತಿದ. ರುಮಾಲಿನ ಸೆರಗು ಅಡ್ಡವಾಯಿತು. ಒಂದು ಗಳಿಗೆ ಅವನ ಕೈ ಹಾಗೇ ನಿಂತಿತು. ಆಮೇಲೆ ರುಮಾಲನ್ನೇ ತೆಗೆದು ಕಾಕಾನ ಕೈಗೆ ಕೊಟ್ಟ. ಗಲ್ಲವನ್ನು ಕಟ್ಟಿಗೆಗೆ ಆನಿಸಿ, ಮುಖ ಬಿಸಿಲಿಗೆ ಕೊಟ್ಟು ನಿಂತ. ಇಡೀ ಊರು ನೋಡಿತು. ಮೊದಲ ನಳಿಗೆ ಹೊಡೆಯಿತು. ಬನ್ನಿ ಗಿಡದಲ್ಲಿದ್ದ ಗಿಳಿಗಳೆಲ್ಲ ಚೀರುತ್ತ ಎದ್ದವು. ಕಾಯಿ ಅಲುಗಲಿಲ್ಲ. ಅಪ್ಪ ತಲೆ ಎತ್ತದೆ ಎರಡನೆಯದೂ ಹೊಡೆದ. ಹೊಗೆ ಸರಿದ ಮೇಲೆ ನೋಡಿದರೆ ಕಾಯಿ ಗಳದ ತುದಿಯಲ್ಲಿ ತಣ್ಣಗೆ ಕೂತಿತ್ತು.

ಕಾಕಾ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು, "ಛಲೋ ಶಕುನ ಅಲ್ಲ ಇದು," ಅಂದ. ಅಪ್ಪ ಬಂದೂಕು ಇಳಿಸಿ ನೆಲ ನೋಡಿದ. ಆಗ ಹೆಂಗಸರ ಕಡೆಯಿಂದ, ಗಂಡಸರ ಮುಂದೆ ಎಂದೂ ದನಿ ಎತ್ತದ ನಮ್ಮವ್ವ ಅಂದಳು:

"ಇರಲಿ ಬಿಡ್ರಿ. ಕುಂಬಳಕಾಯಿ ಉಳೀತು. ಮನ್ಯಾಗ ಮೊಸರಂತೂ ಇಲ್ಲ, ನಾಳಿ ಅದರದೇ ಪಲ್ಯಾ ಮಾಡ್ತೀನಿ."

ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಆಮೇಲೆ ಇನ್ನೊಬ್ಬರು. ಆಮೇಲೆ ಅಪ್ಪ ನಕ್ಕ, ಹೊಟ್ಟೆಯಿಂದ, ಹೆಗಲು ಕುಣಿಯುವ ಹಾಗೆ. ನಗುತ್ತ ಆ ಹೆಂಗಸರ ಗುಂಪಿನಲ್ಲಿ ಅವ್ವ ಎಲ್ಲಿದ್ದಾಳೆ ಅಂತ ಹುಡುಕಿದ. ಒಂದೇ ಕಣ್ಣಿದ್ದವನು ಹುಡುಕಬೇಕಾದರೆ ಮುಖವನ್ನು ಈ ಕಡೆಯಿಂದ ಆ ಕಡೆಯ ತನಕ ಪೂರ್ತಿ ತಿರುಗಿಸಲೇಬೇಕು. ತಿರುಗಿಸುತ್ತ ತಿರುಗಿಸುತ್ತ, ಅವ್ವನ ಸೀರೆ ಹಿಡಿದು ನಿಂತ ನನ್ನ ಮೇಲೆ ಬಂದು ನಿಲ್ಲಿಸಿದ. ಅಷ್ಟು ದಿನ ಅವನ ಮಗಳಾಗಿ ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಚೆಂದ ಇದ್ದ ನಮ್ಮಪ್ಪ.